ಪಿ.ಟಿ. ಮೇಷ್ಟ್ರಿಗೆ ಅಪ್ಪ ಕಳಿಸುತ್ತಿದ್ದ ಪ್ರಶ್ನೆಗಳು

ಆಗೆಲ್ಲ ನಮ್ಮ ಕೋಲಾರದಲ್ಲಿ ಕೆಲಸವಿಲ್ಲದೆ ಸುಮ್ಮನೆ ನಡೆಯುವವರನ್ನು ಜನ ತಿರುಗಿ ನೋಡುತ್ತಿದ್ದರು. ಹಾಲಿಗೆ, ಬಸ್ಸಿಗೆ, ಟೊಮೆಟೊ ಮಂಡಿಗೆ ಹೊರಟವರು ಬೆಳಗಿನ ಮಂಜಿನಲ್ಲಿ ತಲೆಗೆ ಟವಲು ಸುತ್ತಿಕೊಂಡು ಹೋಗುತ್ತಿದ್ದರು. ಕೈ ಬೀಸಿಕೊಂಡು ಹೋಗಿ ಬರಿಗೈಯಲ್ಲಿ ವಾಪಸು ಬರುವವರು ನಮ್ಮ ಬೀದಿಯಲ್ಲಂತೂ ಇರಲಿಲ್ಲ. ಅಪ್ಪನೇ ಮೊದಲು.

ಅಪ್ಪನದು ಕೂತು ಮಾಡುವ ಕೆಲಸ. ಕೋರ್ಟಿನ ಕಾಂಪೌಂಡಿನಲ್ಲಿ ಹೊಂಗೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಹಳ್ಳಿಗಳಿಂದ ಬಂದವರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಅದೇ ಕುರ್ಚಿ, ಗಂಟೆಗೊಂದು ಟೀ, ನಡುವೆ ಗಾಡಿಯವನ ಬೋಂಡ. ನಲವತ್ತೆರಡಕ್ಕೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ದಿನಾ ನಡೀರಿ, ಬೆವರು ಬರೋ ಹಂಗೆ" ಅಂದರಂತೆ. ಎಷ್ಟು ನಡೆಯಬೇಕು, ಯಾವಾಗ, ಹೇಗೆ ಎಂದು ಕೇಳಲು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿ ಬಂದು ಕೂತಿದ್ದನಂತೆ.

ನಾನಾಗ ಆರನೇ ಕ್ಲಾಸು. ಅವರೆಕಾಯಿ ಕಾಲ. ಬೀದಿಗೆ ಬೀದಿಯೇ ಅವರೆಯ ಸೊಗಡಿನಿಂದ ಘಮಗುಟ್ಟುತ್ತಿತ್ತು. ನಮ್ಮ ಮನೆಯಲ್ಲಿ ದಿನಾ ಹಿತಕಿದ ಬೇಳೆ ಸಾರು, ಮುದ್ದೆ. ಅಮ್ಮ ಮುಳಬಾಗಿಲ ಕಡೆಯವಳು, ಸಿಟ್ಟು ಬಂದರೆ ತೆಲುಗು ನುಗ್ಗುತ್ತಿತ್ತು. ಅಪ್ಪ ಎರಡನೇ ಮುದ್ದೆ ಬೇಡವೆಂದ ದಿನ, "ಏಮಂಡೀ, ಇದೇನು ಹೊಸ ವೇಷ? ಒಂದು ಮುದ್ದೇಲಿ ಹೊಟ್ಟೆ ತುಂಬುತ್ತಾ?" ಎಂದು ಪಾತ್ರೆ ಕುಕ್ಕಿದಳು.

ನಡೆಯಲು ಅಪ್ಪ ಆರಿಸಿಕೊಂಡದ್ದು ಊರಂಚಿನ ಅಂತರಗಂಗೆ ಬೆಟ್ಟದ ಮೆಟ್ಟಿಲು. ಜೊತೆಗೆ ನಾನು. ಒಬ್ಬನೇ ಹೋದರೆ ಜನ ನಗುತ್ತಾರೆ, ಮಗಳ ಕೈ ಹಿಡಿದು ಹೋದರೆ ದೇವಸ್ಥಾನಕ್ಕೆ ಅಂದುಕೊಳ್ಳುತ್ತಾರೆ ಎಂದು ಅವನ ಯೋಚನೆ. ಮೊದಲ ದಿನ ಮೂವತ್ತು ಮೆಟ್ಟಿಲಿಗೇ ಕೂತುಬಿಟ್ಟ. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದೇಳಲು ಗೋಡೆ ಹಿಡಿಯಬೇಕಾಯಿತು. ಮೀನಖಂಡ ಕಲ್ಲಿನಂತಾಗಿತ್ತು.

ಯಾರನ್ನು ಕೇಳುವುದು? ಕೋರ್ಟಿನಲ್ಲಿ ಬಾಯಿಬಿಟ್ಟರೆ ವಕೀಲರು ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಆಗ ಅವನಿಗೆ ಹೊಳೆದದ್ದು ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಬಾಷಾ ಸರ್. ಅವರೊಂದಿಗೆ ಪರಿಚಯವಿಲ್ಲ, ಎದುರಿಗೆ ಹೋಗಲು ಸಂಕೋಚ. ಒಂದು ಚೀಟಿ ಟೈಪ್ ಮಾಡಿ ನನ್ನ ಕೈಗೆ ಕೊಟ್ಟ. ಅರ್ಜಿ ಬರೆದು ರೂಢಿಯಾದ ಬೆರಳುಗಳು. ಚೀಟಿಯೂ ಅರ್ಜಿಯಂತೆಯೇ ಇತ್ತು. "ಮಾನ್ಯ ದೈಹಿಕ ಶಿಕ್ಷಕರ ಸನ್ನಿಧಾನಕ್ಕೆ. ಮೆಟ್ಟಿಲು ಹತ್ತಿದ ಮಾರನೆಯ ದಿನ ಕಾಲುಗಳು ವಿಪರೀತ ನೋಯುತ್ತಿವೆ. ಮುಂದುವರಿಸಬಹುದೇ, ನಿಲ್ಲಿಸಬೇಕೇ, ದಯಮಾಡಿ ತಿಳಿಸಬೇಕಾಗಿ ವಿನಂತಿ."

ಬಾಷಾ ಸರ್ ಮೈದಾನದ ಮಧ್ಯೆ ನಿಂತು ಅದನ್ನು ಓದಿ ಜೋರಾಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅರೇ, ಒಳ್ಳೇ ಪ್ರಶ್ನೆನೇ ಕಣಮ್ಮ. ಮೊದಮೊದಲು ನೋವಿರುತ್ತೆ, ನಿಲ್ಲಿಸಬಾರದು. ಎರಡು ದಿನ ಕಮ್ಮಿ ಮಾಡಿ ಆಮೇಲೆ ಜಾಸ್ತಿ ಮಾಡ್ಕೊಳ್ಳಿ ಅಂತ ಹೇಳು."

ಅಲ್ಲಿಂದ ಶುರುವಾಯಿತು. ತಿಂದು ನಡೆಯಬೇಕೋ ಖಾಲಿ ಹೊಟ್ಟೆಯಲ್ಲೋ? ನಡುವೆ ನೀರು ಕುಡಿಯಬಹುದೇ? ಪಕ್ಕೆ ಹಿಡಿದುಕೊಂಡರೆ ಏನು ಮಾಡುವುದು? ಕ್ಯಾನ್ವಾಸ್ ಶೂ ಹಿಮ್ಮಡಿ ಕಚ್ಚಿದರೆ? ಬಾಷಾ ಸರ್ ಒಂದಕ್ಕೂ ಬೇಸರಿಸಲಿಲ್ಲ. ಹದಿನೈದು ದಿನವಾದರೂ ಬೆಲ್ಟು ಅದೇ ತೂತಿನಲ್ಲಿದೆಯಲ್ಲ ಎಂಬ ದುಃಖಕ್ಕೆ ಅವರು, "ಬೆಲ್ಟು ನೋಡಬೇಡಿ ಅನ್ನು. ಮಾತಾಡ್ತಾ ಹತ್ತಕ್ಕಾಗುತ್ತಾ ನೋಡ್ಕೊಳ್ಳಲಿ. ಮಾತು ನಿಂತ್ರೆ ನಿಧಾನ ಮಾಡಲಿ" ಅಂದರು. ಅವತ್ತಿನಿಂದ ಅಪ್ಪ ಮೆಟ್ಟಿಲುದ್ದಕ್ಕೂ ಮಾತಾಡತೊಡಗಿದ. ಜಮೀನು ವ್ಯಾಜ್ಯದ ಅಣ್ಣತಮ್ಮಂದಿರು, ಸಾಕ್ಷಿ ಹೇಳಲು ಬಂದು ನಿದ್ದೆ ಹೋದ ಮುದುಕ. ಮನೆಯಲ್ಲಿ ಹತ್ತು ಮಾತಾಡದ ಅಪ್ಪ ಅಷ್ಟು ಚೆನ್ನಾಗಿ ಕತೆ ಹೇಳುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಮೂವತ್ತು ಮೆಟ್ಟಿಲು ನೂರಾಯಿತು, ನೂರೈವತ್ತಾಯಿತು. ಕೆಳಗಿಳಿದ ಮೇಲೆ ಬೆಟ್ಟದ ಬುಡದ ಗಾಡಿಯಲ್ಲಿ ನನಗೊಂದು ಬಿಸಿ ಇಡ್ಲಿ ಕೊಡಿಸಿ ತಾನು ಬರೀ ನೀರು ಕುಡಿಯುತ್ತಿದ್ದ.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಚೀಟಿ ಬಂತು. ಅದನ್ನು ಕೊಡುವಾಗ ಅಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ಇದನ್ನ ಮರೀದೆ ಕೇಳ್ಕೊಂಡು ಬಾರೇ ಪುಟ್ಟಿ. ಅಮ್ಮಂಗೆ ಹೇಳಬೇಡ, ಸುಮ್ನೆ ಗಾಬರಿ ಆಗ್ತಾಳೆ."

ಸ್ಕೂಲಿಗೆ ಹೋಗುವ ದಾರಿಯಲ್ಲಿ ಓದಿದೆ. "ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಹಿಂಡಿದಂತಾಗಿ ನೋವು ಎಡಭುಜಕ್ಕೂ ದವಡೆಗೂ ಬರುತ್ತದೆ. ಕೂತರೆ ಎರಡು ನಿಮಿಷದಲ್ಲಿ ಹೋಗುತ್ತದೆ. ಇದು ವ್ಯಾಯಾಮದ ನೋವೋ, ಬೇರೆಯೋ, ತಿಳಿಸಬೇಕಾಗಿ ವಿನಂತಿ."

ಅವತ್ತು ನಮ್ಮ ಖೋಖೋ ಮ್ಯಾಚು. ಪಕ್ಕದ ಸ್ಕೂಲಿನವರ ಎದುರು ಸೋತೆವು, ಅದೂ ನಾನು ಔಟಾಗಿದ್ದರಿಂದ. ಬಾಷಾ ಸರ್ ಕೆಂಡವಾಗಿದ್ದರು. ಚೀಟಿ ಹಿಡಿದು ಅವರ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ನಾಳೆ ಕೇಳಿದರಾಯಿತು ಎಂದು ಅದನ್ನು ಲಂಗದ ಜೇಬಿನಲ್ಲೇ ಇಟ್ಟುಕೊಂಡೆ.

ಸಂಜೆ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಕೇಳಿದ್ಯೇನೇ?"

"ಹೂಂ."

"ಏನಂದ್ರು?"

ಕೇಳಲಿಲ್ಲ ಎಂದಿದ್ದರೆ ಅಪ್ಪ ಬೈಯುತ್ತಿರಲಿಲ್ಲ. ಆದರೂ ನಾನು, "ಮೊದಮೊದಲು ನೋವಿರುತ್ತಂತೆ. ನಿಲ್ಲಿಸಬಾರದಂತೆ" ಅಂದೆ.

ಅಪ್ಪನ ಮುಖ ಹಗುರಾಯಿತು. "ಹಂಗಾ? ಸದ್ಯ" ಎಂದು ಅಂಗಿ ಬಿಚ್ಚಿ ಕೈಕಾಲು ತೊಳೆಯಲು ಹೋದ.

ಮಾರನೆಯ ದಿನ ಬಾಷಾ ಸರ್ ಎದುರಿಗೇ ಸಿಕ್ಕಿದರು. ನಾನು ಕೇಳಲಿಲ್ಲ. ಉತ್ತರ ಕೊಟ್ಟಾಗಿದೆ, ಇನ್ನೇನು ಕೇಳುವುದು ಎಂದುಕೊಂಡೆ. ಐದಾರು ದಿನ ಹಾಗೇ ಕಳೆದವು. ಮೆಟ್ಟಿಲ ಮೇಲೆ ಅಪ್ಪನ ಕತೆಗಳು ಅರ್ಧಕ್ಕೇ ನಿಲ್ಲತೊಡಗಿದವು. "ಆಮೇಲೇನಾಯ್ತಪ್ಪಾ?" ಎಂದರೆ ಕೈ ಎತ್ತಿ, ತಾಳು ಎನ್ನುತ್ತಿದ್ದ.

ಕೊನೆಯ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹತ್ತು ಮೆಟ್ಟಿಲಾಚೆ ಕಾಣುತ್ತಿರಲಿಲ್ಲ. ಮೇಲೆಲ್ಲೋ ಕೋತಿಗಳು ಕಿರುಚುತ್ತಿದ್ದವು. ಅಪ್ಪ ಬಂಡೆಗೆ ಒರಗಿ ಕೂತ. ಅಂಥ ಚಳಿಯಲ್ಲಿ ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

"ಸ್ವಲ್ಪ ಕೂತ್ಕೋತೀನಿ ಕಣೇ. ಇವತ್ತು ಇಷ್ಟು ಸಾಕೇನೋ."

ನನಗೆ ಇಡ್ಲಿಯ ಆಸೆಯೋ, ಇನ್ನೂರು ಮುಟ್ಟಿಸಿದೆ ಎಂದು ಹೇಳಿಕೊಳ್ಳುವ ಚಪಲವೋ, ಇವತ್ತಿಗೂ ತಿಳಿಯದು. "ನಿಲ್ಲಿಸಬಾರದು ಅಂದಿದಾರಪ್ಪಾ ಸರ್. ಇನ್ನು ಹತ್ತೇ ಮೆಟ್ಟಿಲು, ಬಾ" ಎಂದು ಕೈ ಹಿಡಿದು ಎಳೆದೆ.

ಅಪ್ಪ ಎದ್ದ. ನನ್ನ ಮಾತಿಗೆ ಎದ್ದ. ನಾಲ್ಕು ಮೆಟ್ಟಿಲು ಹತ್ತಿದ. ಐದನೆಯದಕ್ಕೆ ಕಾಲೆತ್ತಿದವನು ಹಾಗೇ ಪಕ್ಕಕ್ಕೆ ಕುಸಿದ. ನಾನು ಕೂಗಿದ್ದು ಕೇಳಿ ಕೆಳಗಿನಿಂದ ಹೂವಿನ ಹೆಂಗಸು ಓಡಿಬಂದಳು. ಅವಳ ಹಿಂದೆ ಇಬ್ಬರು ಆಟೋದವರು. ಅವರು ಅಪ್ಪನನ್ನು ಹೊತ್ತು ಇಳಿಸುವಾಗ ಒಂದು ಶೂ ಕಳಚಿ ಬಿತ್ತು. ನಾನು ಅದನ್ನು ಎದೆಗವಚಿಕೊಂಡು ಹಿಂದೆ ಓಡಿದೆ. ಆಸ್ಪತ್ರೆಯಲ್ಲಿ, ದಾರಿಯಲ್ಲೇ ಹೋಗಿದ್ದಾರೆ ಎಂದರು.

ಮಧ್ಯಾಹ್ನ ಮನೆಯ ಮುಂದೆ ಜನ. ಬಾಷಾ ಸರ್ ಕೂಡ ಬಂದರು. ಅಪ್ಪನ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಆಮೇಲೆ ನನ್ನ ಹತ್ತಿರ ಬಂದು ಬಗ್ಗಿ ಕೇಳಿದರು: "ಏನಾದ್ರೂ ನೋವಿದೆ ಅಂತಿದ್ರೇನಮ್ಮ? ಈ ವಾರ ಚೀಟಿ ಬರಲೇ ಇಲ್ಲವಲ್ಲ?"

ಅಮ್ಮ ಅಳು ನಿಲ್ಲಿಸಿ ನನ್ನತ್ತ ತಿರುಗಿದಳು. ದೊಡ್ಡಪ್ಪ, ಅತ್ತೆ, ಬೀದಿಯವರು, ಎಲ್ಲರೂ ತಿರುಗಿದರು. ಅದೇ ಲಂಗದ ಜೇಬಿನಲ್ಲಿ ಚೀಟಿ ಇನ್ನೂ ಇತ್ತು.

"ಇಲ್ಲ ಸರ್. ಏನೂ ಅಂತಿರ್ಲಿಲ್ಲ."

ಸಂಜೆ ಎಲ್ಲರಿಗೂ ಸ್ನಾನಕ್ಕೆಂದು ಹಿತ್ತಿಲ ಒಲೆ ಉರಿಯುತ್ತಿತ್ತು. ಯಾರೂ ಇಲ್ಲದಾಗ ಚೀಟಿಯನ್ನು ಅದಕ್ಕೆ ಹಾಕಿದೆ.

ಇದನ್ನು ನಾನು ಒಬ್ಬರಿಗೆ ಹೇಳಿದ್ದೇನೆ. ನಾಲ್ಕು ವರ್ಷದ ಹಿಂದೆ ಬಾಷಾ ಸರ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೋಲು ಹಿಡಿದು ಮಾಸ್ತಿಯ ಬಸ್ಸಿಗೆ ಕಾಯುತ್ತಿದ್ದರು, ಅಲ್ಲಿ ಅವರ ಮಗಳ ಮನೆ. ಯಾರ ಮಗಳೆಂದು ಹೇಳಿದ ಕೂಡಲೇ ನೆನಪಾಯಿತು ಅವರಿಗೆ. ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

"ಚೀಟೀಲಿ ಏನಿತ್ತು, ಹೇಳಮ್ಮ" ಅಂದರು. ಒಂದಕ್ಷರ ಬಿಡದೆ ಹೇಳಿದೆ.

ಅವರ ಬಸ್ಸು ಬಂದು ಹೊರಟುಹೋಯಿತು. ಅವರು ಏಳಲಿಲ್ಲ.

"ಅದು ನನ್ನ ಕೈಗೆ ಬಂದಿದ್ರೆ ಅವತ್ತೇ ಅವರನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಡಾಕ್ಟರ ಹತ್ರ ಹೋಗ್ತಿದ್ದೆ ಕಣಮ್ಮ. ನಿನಗೆ ಸುಳ್ಳು ಹೇಳಲ್ಲ ನಾನು." ಆಮೇಲೆ, "ಅವತ್ತು ಎಲ್ಲರೆದುರಿಗೆ ನಿನ್ನನ್ನ ಕೇಳಬಾರದಿತ್ತು. ಹನ್ನೊಂದು ವರ್ಷದ ಮಗು, ಬೇರೇನು ಹೇಳ್ತಿತ್ತು?" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಬರುವ ವರ್ಷ ನನಗೆ ಅಪ್ಪ ಹೋದಾಗಿನ ವಯಸ್ಸಾಗುತ್ತದೆ. ಅವನು ಬದುಕಿದ್ದರೆ ಎಪ್ಪತ್ತು ದಾಟಿರುತ್ತಿದ್ದ. ಅಪ್ಪ ಮೆಟ್ಟಿಲ ಮೇಲೆ ಅರ್ಧಕ್ಕೇ ನಿಲ್ಲಿಸಿದ ಆ ಅಣ್ಣತಮ್ಮಂದಿರ ವ್ಯಾಜ್ಯ ಕೊನೆಗೇನಾಯಿತು ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ.

ಅಮ್ಮ ಇದ್ದಾಳೆ, ನನ್ನ ಜೊತೆಯಲ್ಲೇ. ಮನೆಗೆ ಯಾರು ಬಂದರೂ ಅಪ್ಪನ ಮಾತು ತೆಗೆಯುತ್ತಾಳೆ. "ಒಂದು ದಿನ ನೋವು ಅಂದೋರಲ್ಲ. ಹೂವು ಎತ್ತಿದ ಹಂಗೆ ಹೋದ್ರು, ಪುಣ್ಯಾತ್ಮರು. ಬೇಕಾದ್ರೆ ಇವಳನ್ನೇ ಕೇಳಿ, ಜೊತೇಲಿ ಇವಳೇ ಇದ್ದಿದ್ದು." ಬಂದವರು ನನ್ನತ್ತ ನೋಡುತ್ತಾರೆ. ಹೌದು ಎಂದು ತಲೆಯಾಡಿಸುತ್ತೇನೆ. ಅಪ್ಪನ ಬಗ್ಗೆ ಅಮ್ಮನೂ ನಾನೂ ಕೂತು ಮಾತಾಡಲು ಇಬ್ಬರ ನಡುವೆ ಈಗ ಇರುವುದು ಆ ಒಂದು ಸುಳ್ಳು ಮಾತ್ರ. ಅವಳಿಗೆ ಅದೇ ಸಮಾಧಾನ. ಅದನ್ನೂ ಕಿತ್ತುಕೊಳ್ಳಲು ನನ್ನಿಂದಾಗುವುದಿಲ್ಲ.