ತೂಕದ ಚೀಟಿಯಲ್ಲಿ ಕಳೆದುಹೋದ ಒಂದು

ಮೂಡಲಗಿ ದಾಟಿದ ಬಸ್ಸು ಸಕ್ಕರೆ ಕಾರ್ಖಾನೆಯ ಗೇಟು ಇನ್ನೂ ಒಂದು ಮೈಲಿ ಇರುವಾಗಲೇ ನಿಂತುಬಿಟ್ಟಿತು. ಮುಂದೆ ಕಣ್ಣು ಹಾಯುವವರೆಗೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಒಂದೂ ಅಲ್ಲಾಡುತ್ತಿರಲಿಲ್ಲ. ಮೇಘಾ ಇಳಿದು ನಡೆಯತೊಡಗಿದಳು. 2003ರ ಡಿಸೆಂಬರ್, ಬೆಳಗಿನ ಹನ್ನೊಂದು ಗಂಟೆ.

ಕಾರ್ಖಾನೆಯ ಮ್ಯಾನೇಜರ್ ಕಾಶಿನಾಥ ಎಂಟು ಗಂಟೆಗೇ ಫೋನ್ ಮಾಡಿದ್ದರು. “ಕಾಟಾದ ಕ್ಲಾರ್ಕ್ ಭೀಮರಾಯ ತೂಕದಾಗ ಕೈ ಆಡಿಸ್ಯಾನ. ನಿಮ್ಮ ಪ್ರೋಗ್ರಾಮ್ ಸರಿ ಐತಿ ಅಂತ ಬಂದು ಬರದ ಕೊಡ್ರಿ. ನಾಕ ಗಂಟೇಕ್ಕ ಪೊಲೀಸರು ಬರತಾರ.”

ಮೇಘಾ ಹುಕ್ಕೇರಿಯ ಬಟ್ಟೆ ವ್ಯಾಪಾರದ ಮನೆಯವಳು. ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಕಾರ್ಖಾನೆಯ ತೂಕದ ಮನೆಗೆ ಪ್ರೋಗ್ರಾಮ್ ಬರೆದದ್ದು ಅವಳು ಒಬ್ಬಳೇ ಮಾಡಿದ ಮೊದಲ ದೊಡ್ಡ ಕೆಲಸ. ಟ್ರ್ಯಾಕ್ಟರ್ ಕಾಟಾದ, ಅಂದರೆ ತೂಕದ ಕಟ್ಟೆಯ ಮೇಲೆ ನಿಂತರೆ ಗೋಡೆಯ ಡಬ್ಬಿಯಲ್ಲಿ ತೂಕ ಕೆಂಪು ಅಂಕಿಗಳಲ್ಲಿ ಮೂಡುತ್ತಿತ್ತು. ಅದೇ ತೂಕ ಒಂದು ವಾಯರಿನಲ್ಲಿ ಮತ್ತೆ ಮತ್ತೆ, ಬಿಡುವಿಲ್ಲದೆ ಕಂಪ್ಯೂಟರಿಗೆ ಹರಿದು ಬರುತ್ತಿತ್ತು. ಕ್ಲಾರ್ಕ್ ಗುಂಡಿ ಒತ್ತಿದರೆ ಚೀಟಿ. ವಾಯರ್ ಕೆಟ್ಟರೆ ಕೈಯಿಂದಲೂ ಅಂಕಿ ಹೊಡೆಯಬಹುದಿತ್ತು. ಭೀಮರಾಯನ ಕುತ್ತಿಗೆಗೆ ಬಂದದ್ದು ಅದೇ.

ಹಿಂದಿನ ಸಂಜೆ ಮೇಲವಂಕಿಯ ದುರ್ಗಪ್ಪನ ಎರಡು ಟ್ರ್ಯಾಲಿ ಕಬ್ಬಿಗೆ 8640 ಕಿಲೋ ಎಂದು ಚೀಟಿ ಬಂದಿತ್ತು. ಆತ ಟ್ರ್ಯಾಕ್ಟರನ್ನು ಕಾಟಾದ ಮೇಲೆಯೇ ಬಿಟ್ಟು ಚಾವಿ ಕಿಸೆಗೆ ಹಾಕಿಕೊಂಡಿದ್ದ. ಆಗಿನಿಂದ ತೂಕ ಬಂದ್.

“ಹತ್ತ ಟನ್ ಕಬ್ಬ ಗಾಳ್ಯಾಗ ಹೋತೇನ್ರಿ?” ಎಂದು, ಮೇಘಾ ಗೇಟು ತಲುಪಿದಾಗ, ದುರ್ಗಪ್ಪ ಕೂಗುತ್ತಿದ್ದ. ಅವನ ಸುತ್ತ ಇನ್ನೂರು ಮಂದಿ ರೈತರು. ಬೇವಿನ ಗಿಡದ ಕೆಳಗೆ ಐವತ್ತು ದಾಟಿದ ಭೀಮರಾಯ ಕುಕ್ಕರಗಾಲಿನಲ್ಲಿ ಕುಳಿತಿದ್ದ, ಬಾಜೂಕ್ಕೆ ವಾಚಮನ್. ಭೀಮರಾಯನ ಅಂಗಿಯ ತೋಳು ಹರಿದಿತ್ತು. ಯಾರೋ ಎಳೆದಾಡಿದ್ದರು.

“ನಾ ಕೈಯಿಂದ ಹೊಡದಿಲ್ರಿ ಅಕ್ಕಾರ. ಡಬ್ಬ್ಯಾಗ ಹದಿನೆಂಟ ಸಾವಿರ ಇತ್ತು, ಚೀಟ್ಯಾಗ ಎಂಟ ಸಾವಿರ ಬಂತು. ಖರೇನ ಹೇಳಾಕತ್ತೇನಿ.”

ಕೈಯಿಂದ ಹೊಡೆದದ್ದು ಯಾವುದು, ವಾಯರಿನಿಂದ ಬಂದದ್ದು ಯಾವುದು ಎಂದು ಗುರುತಿಟ್ಟುಕೊಳ್ಳುವ ಏರ್ಪಾಡನ್ನೇ ಮೇಘಾ ಮಾಡಿರಲಿಲ್ಲ. ಒಳಗೆ ಹೋಗಿ ದುರ್ಗಪ್ಪನ ಟ್ರ್ಯಾಕ್ಟರನ್ನೇ ಮತ್ತೆ ತೂಗಿದಳು. 18640. ಇನ್ನೊಮ್ಮೆ 18640. ಹತ್ತು ಸಲವೂ ಅಷ್ಟೇ.

“ಆತಲ್ಲ?” ಎಂದು ಕಾಶಿನಾಥ ಹಾಳೆ ಮುಂದಿಟ್ಟರು. “ಮಷೀನ್ ಸುಳ್ಳ ಹೇಳಾಂಗಿಲ್ಲ. ಸಹಿ ಮಾಡ್ರಿ.”

ಅವಳು ಪೆನ್ನು ಕೈಗೆತ್ತಿಕೊಂಡಳು. ಕಿಟಕಿಯ ಸರಳುಗಳಿಗೆ ಮುಖ ಒತ್ತಿ ಹತ್ತಾರು ಮಂದಿ ನೋಡುತ್ತಿದ್ದರು. ಯಾಕೋ ಎದ್ದು ಮತ್ತೆ ಗಿಡದ ಹತ್ತಿರ ಹೋದಳು.

“ಕಾಕಾ, ಆ ಚೀಟಿ ಬರೂ ಮುಂದ ಏನ ನಡದಿತ್ತು?”

“ಏನ ಇರತೈತ್ರಿ? ಗದ್ದಲ. ಹಿಂದಿನ ಗಾಡಿ ಚೀಟಿ ಇನ್ನೂ ಪ್ರಿಂಟ್ ಆಗಾಕತ್ತಿತ್ತು. ಮಂದಿ ಅವಸರಾ ಮಾಡಿದ್ರು, ಅಷ್ಟರಾಗ ಒತ್ತಿದೆ.”

ಅವಳು ತನ್ನ ಮೇಜಿನ ಮೇಲೆ ಎಷ್ಟೋ ಸಲ ಪರೀಕ್ಷಿಸಿದ್ದಳು. ಆದರೆ ಪ್ರಿಂಟರ್ ಕರಕರ ಎನ್ನುತ್ತಿರುವಾಗ ಒಮ್ಮೆಯೂ ಒತ್ತಿರಲಿಲ್ಲ. ಈಗ ಒಳಗೆ ಹೋಗಿ, ಪ್ರಿಂಟರ್ ಓಡುತ್ತಿರುವಾಗಲೇ ಒತ್ತಿದಳು. ಸರಿ ಬಂತು. ಮತ್ತೆ ಒತ್ತಿದಳು. ನಾಲ್ಕನೆಯ ಸಲಕ್ಕೆ ಪರದೆಯ ಮೇಲೆ 8640 ನಿಂತಿತು. ಗೋಡೆಯ ಡಬ್ಬಿಯಲ್ಲಿ ಮಾತ್ರ 18640.

ವಾಯರಿನ ಮುಂದೆ ಕಾಯುತ್ತ ಕೂರಬೇಡ, ನಿನ್ನ ಕೆಲಸ ನೀನು ಮಾಡು, ಅಂಕಿ ಬಂದಾಗ ಕರೆಯುತ್ತೇನೆ ಎಂದು ವಾಯರೇ ಕಂಪ್ಯೂಟರಿಗೆ ಹೇಳುವಂತೆ ಅವಳು ಪ್ರೋಗ್ರಾಮ್ ಬರೆದಿದ್ದಳು. ಕರೆ ಬಂತೆಂದರೆ ಇಡೀ ತೂಕ ಬಂತು ಎಂದು ತಿಳಿದಿದ್ದಳು. ಖರೆ ನೋಡಿದರೆ ಏನೋ ಒಂದಿಷ್ಟು ಬಂತು ಎನ್ನುವುದಷ್ಟೇ ಅದರ ಅರ್ಥ. ಕಂಪ್ಯೂಟರ್ ಪ್ರಿಂಟಿನ ಗಡಿಬಿಡಿಯಲ್ಲಿದ್ದಾಗ ತೂಕ ತುಂಡಾಗಿ ಬಂದಿತ್ತು, ಮೊದಲು 1, ಆಮೇಲೆ 8640. ಐದು ಟನ್ನಿಗಿಂತ ಕಡಿಮೆಯದನ್ನು ಬಿಟ್ಟುಬಿಡು ಎಂದು ಜಾಣತನದಿಂದ ಅವಳೇ ಬರೆದ ಸಾಲು ಆ ಒಂದನ್ನು ಸದ್ದಿಲ್ಲದೆ ನುಂಗಿತ್ತು.

ಗಂಟೆ ಒಂದೂವರೆ. ಅಲ್ಲಿಯೇ ಕುಳಿತು ತಿದ್ದತೊಡಗಿದಳು. ಬಂದ ತುಂಡುಗಳನ್ನೆಲ್ಲ ಒಂದು ಬಫರಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ತಾತ್ಕಾಲಿಕ ಜಾಗದಲ್ಲಿ ಕೂಡಿಡುವುದು. ತೂಕ ಮುಗಿಯಿತೆಂದು ಡಬ್ಬಿ ಕಳಿಸುವ ಗುರುತು ಕಂಡ ಮೇಲಷ್ಟೇ ಹೊರಗೆ ತೆಗೆಯುವುದು, ತೆಗೆದ ಮೇಲೆ ಬಫರ್ ಖಾಲಿ ಮಾಡುವುದು. ಬರೆದು ಮುಗಿಸಿ ಪ್ರಿಂಟರ್ ಹಚ್ಚಿ ಒತ್ತಿದಳು. ಒಂಬತ್ತನೆಯ ಸಲಕ್ಕೆ ಮತ್ತೆ 8640.

ಹೊರಗೆ ಯಾರೋ ಬಾಗಿಲಿಗೆ ಕಬ್ಬಿನ ಜಲ್ಲೆ ಬೀಸಿ ಒಗೆದರು. “ಬಾಗಲಾ ಹಾಕ್ಕೊಂಡ ಏನ ಮಾಡಾಕತ್ತೀರಿ ಒಳಗ?”

ಬರೆದ ಸಾಲುಗಳನ್ನು ಒಂದೊಂದಾಗಿ ಓದಿದಳು. ಮೂರಕ್ಕೆ ಐದು ನಿಮಿಷ ಇರುವಾಗ ಕಂಡಿತು. ಒಂದು ತೂಕ ಮುಗಿದ ಗುರುತಿನ ಹಿಂದೆಯೇ ಮುಂದಿನ ತೂಕದ ಮೊದಲ ಅಂಕಿ ಬಂದು ಕೂತಿರುತ್ತಿತ್ತು. ಬಫರ್ ಪೂರಾ ಖಾಲಿ ಮಾಡುವಾಗ ಅದನ್ನೂ ಚೆಲ್ಲುತ್ತಿದ್ದಳು. ಗುರುತಿನವರೆಗೆ ಮಾತ್ರ ತೆಗೆದು, ಉಳಿದದ್ದನ್ನು ಇದ್ದಲ್ಲೇ ಬಿಡಬೇಕಿತ್ತು. ತಿದ್ದಿದಳು. ಅರವತ್ತು ಸಲ ಒತ್ತಿದಳು. ಅರವತ್ತೂ 18640.

ಎಲ್ಲವನ್ನೂ ಕೇಳಿದ ಕಾಶಿನಾಥ ಧ್ವನಿ ತಗ್ಗಿಸಿದರು. “ಸರಿ ಆತಲ್ಲ, ಹೊರಗ ಹೇಳಬ್ಯಾಡ್ರಿ. ಭೀಮರಾಯಂದ ನಾವ ನೋಡಕೋತೀವಿ. ಮುಂದಿನ ಹಂಗಾಮಿನ ಕೆಲಸಾನೂ ನಿಮಗ ಐತಿ.”

“ನೋಡಕೋತೀವಿ ಅಂದ್ರ, ಪೊಲೀಸರು ಬರಾಂಗಿಲ್ಲೇನ್ರಿ ಸರ?”

ಅವರು ಗಡಿಯಾರ ನೋಡಿದರು.

ಮೇಘಾ ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಳು. “ತಪ್ಪ ನಂದ್ರಿ. ಪ್ರೋಗ್ರಾಮ್ ಬರದಾಕಿ ನಾನು. ಭೀಮರಾಯ ಕಾಕಾ ಏನೂ ಮಾಡಿಲ್ಲ.”

ಗದ್ದಲ ಒಮ್ಮೆಲೇ ಇಳಿದು, ಮರುಗಳಿಗೆ ಎರಡು ಪಟ್ಟು ಎದ್ದಿತು. ದುರ್ಗಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಅವಳ ಎದುರಿಗೇ ಬಂದ. “ನಂದಂತೂ ಸಿಕ್ತು. ಗೊತ್ತಾಗದ ಹೋದಾವ್ರು ಎಷ್ಟ ಮಂದಿ?”

“ಗೊತ್ತಿಲ್ರಿ. ಹಂಗಾಮ ಸುರು ಆದಾಗಿಂದ ಎಲ್ಲಾ ಚೀಟಿ ನೋಡತೀನಿ. ಮುಗಿಯೂತನಕ ಹೋಗಾಂಗಿಲ್ಲ.”

ಆತ ಅವಳನ್ನೇ ದಿಟ್ಟಿಸಿದ. ಆಮೇಲೆ ಕಿಸೆಯಿಂದ ಚಾವಿ ತೆಗೆದ.

ಆರು ದಿನ ಅವಳು ತೂಕದ ಮನೆಯಲ್ಲಿ ಕುಳಿತು, ಅದೇ ಗಾಡಿಗಳ ಬೇರೆ ತೂಕಗಳೊಡನೆ ಹೋಲಿಸುತ್ತ ಚೀಟಿ ತಿರುವಿದಳು. ಒಂದು ಟ್ರ್ಯಾಲಿಯವರು, ಬೇರೆಯವರ ಕೈಯಲ್ಲಿ ಗಾಡಿ ಕಳಿಸಿದವರು, ಓದಲು ಬಾರದವರು, ಹೀಗೆ ಗಮನಿಸದೆ ಹೋದ ಹದಿನೇಳು ಮಂದಿಯ ತೂಕ ತಪ್ಪಿತ್ತು. ಹದಿನೇಳನ್ನೂ ತಿದ್ದಿಸಿದಳು. ಭೀಮರಾಯ ಮರುದಿನವೇ ತನ್ನ ಕುರ್ಚಿಗೆ ಮರಳಿದ್ದ, ಆದರೆ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಕೊನೆಯ ದಿನ ಅವಳು ಚೀಲ ಹೆಗಲಿಗೇರಿಸುವಾಗ ಕೇಳಿದ, “ಅವತ್ತ ನೀವು ನನ್ನ ಕಡೆ ಬಂದ ಕೇಳದಿದ್ರ, ಸಹಿ ಮಾಡತಿದ್ರಲ್ರಿ?”

“ಹೂಂ ಕಾಕಾ. ಮಾಡತಿದ್ದೆ.”

ಆತ ತಲೆಯಾಡಿಸಿ, ಮುಂದಿನ ಗಾಡಿಗೆ ಬರುವಂತೆ ಕೈ ಮಾಡಿದ.

ಮುಂದಿನ ಹಂಗಾಮಿನ ಕೆಲಸ ಕಾಶಿನಾಥ ಬೇರೆಯವರಿಗೆ ಕೊಟ್ಟರು. ಎರಡು ವರ್ಷದ ಮೇಲೆ ಘೋಡಗೇರಿಯ ಹಾಲಿನ ಡೇರಿಯವರು ತೂಕದ ಪ್ರೋಗ್ರಾಮ್ ಬರೆಸಲು ಮೇಘಾಳನ್ನು ಹುಡುಕಿಕೊಂಡು ಬಂದರು. ಅಲ್ಲಿನ ಕಾರ್ಯದರ್ಶಿ ಭೀಮರಾಯನ ಅಳಿಯ. ಅವಳ ಹೆಸರನ್ನು ಹೇಳಿದವರು ಯಾರೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.