ಎರಡು ಲೋಕಗಳ ಪ್ರವಾಹ

ತೊಂಬತ್ತರ ದಶಕದ ಮಧ್ಯಭಾಗದಲ್ಲಿ ನಾನು ನಾರ್ತ್ ಕ್ಯಾರೊಲಿನಾದ ಒಂದು ಸಣ್ಣ ಸಾರ್ವಜನಿಕ ಟೀವಿ ಕೇಂದ್ರದಲ್ಲಿ ಮಾಸ್ಟರ್ ಕಂಟ್ರೋಲ್ ಎಂಜಿನಿಯರ್ ಆಗಿದ್ದೆ. ಹೆಸರು ಭಾರಿ, ಕೆಲಸ ಸರಳ: ಹೊತ್ತಿಗೆ ಸರಿಯಾಗಿ ಟೇಪು ಹಾಕುವುದು, ಪರದೆ ಕಪ್ಪಾಗದಂತೆ ನೋಡಿಕೊಳ್ಳುವುದು. ವಾರಾಂತ್ಯದಲ್ಲಿ ಇಡೀ ಕಟ್ಟಡಕ್ಕೆ ನಾನೊಬ್ಬನೇ.

ಆ ಬೇಸಿಗೆ ಶನಿವಾರದ ಸಂಜೆಗಳಲ್ಲಿ ಒಂದು ಹಳೆಯ ವೈಜ್ಞಾನಿಕ ಧಾರಾವಾಹಿ ಹಾಕುತ್ತಿದ್ದೆವು. ಅದರಲ್ಲಿ ಎರಡು ಭೂಮಿ, ಎರಡರಲ್ಲೂ ಅದೇ ಊರು, ಅದೇ ಜನ. ಒಂದರಲ್ಲಿ ಅಣೆಕಟ್ಟು ನಿಲ್ಲುತ್ತದೆ, ಇನ್ನೊಂದರಲ್ಲಿ ಒಡೆಯುತ್ತದೆ. ಸೆಟ್ಟುಗಳೆಲ್ಲ ರಟ್ಟಿನವು. ನಗುತ್ತಲೇ ನೋಡಲು ಕೂತ ನಾನು ಮೂರನೇ ವಾರಕ್ಕೆ ಪೂರ್ತಿ ಸಿಕ್ಕಿಬಿದ್ದಿದ್ದೆ. ಊರಿನಲ್ಲಿದ್ದ ಇನ್ನೊಂದೇ ಕನ್ನಡ ಮನೆ ಧಾರವಾಡದ ಕಡೆಯ ಡಾಕ್ಟರ್ ಸುಮಂಗಲಾ ಅವರದು. ಅವರಿಗೂ ಅವರ ಇಬ್ಬರು ಹೆಣ್ಣುಮಕ್ಕಳಿಗೂ ಈ ಹುಚ್ಚು ಹಿಡಿಸಿದವನು ನಾನೇ.

ಅಪಾಯದ ಲೋಕವನ್ನು ತೋರಿಸುವಾಗ ಧಾರಾವಾಹಿಯವರು ಪರದೆಯ ಕೆಳಗೆ ಬಿಳಿ ಅಕ್ಷರಗಳಲ್ಲಿ ‘ನೀರು ಬರುತ್ತಿದೆ, ಎತ್ತರಕ್ಕೆ ಹೋಗಿ’ ಎಂಬ ಸಾಲು ಓಡಿಸುತ್ತಿದ್ದರು. ನಿಜವಾದ ಹವಾಮಾನದ ಎಚ್ಚರಿಕೆಯನ್ನು ನಾವೂ ಹಾಗೆಯೇ ಓಡಿಸುತ್ತಿದ್ದೆವು. ಅದಕ್ಕೆ ಕ್ರಾಲ್ ಎನ್ನುತ್ತಾರೆ. ಎರಡೂ ಒಂದೇ ಸಂಜೆ ಬಂದರೆ ಏನು ಗತಿ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕೊನೆಯ ಕಂತಿನ ದಿನ ಮಧ್ಯಾಹ್ನದಿಂದಲೇ ಗುಡ್ಡಗಳ ಮೇಲೆ ಮಳೆ ಜಡಿಯುತ್ತಿತ್ತು. ಕಂತು ಮುಕ್ಕಾಲು ಮುಗಿದಾಗ ಎಚ್ಚರಿಕೆ ಬಂತು: ಹೊಳೆ ಉಕ್ಕುತ್ತಿದೆ, ದಂಡೆಯ ಮನೆಗಳವರು ಕೂಡಲೇ ಹೊರಡಬೇಕು. ನಾನು ನಿಯಮದಂತೆ ಕ್ರಾಲ್ ಹಾಕಿ ಕುಳಿತೆ. ಆಗ ಸುಮಂಗಲಾ ಫೋನ್ ಮಾಡಿದರು. ಅವರ ಅಪಾರ್ಟ್‌ಮೆಂಟ್ ಇದ್ದದ್ದು ಹೊಳೆಯ ಪಕ್ಕದಲ್ಲೇ.

“ಅಣ್ಣಾರ, ಟೀವಿ ಕೆಳಗ ನೀರು ಬರತೈತಿ ಅಂತ ಓಡಾಕತ್ತೈತಲ್ರಿ, ಅದು ಕಥಿಯೊಳಗಿಂದೋ, ಖರೇನೋ?”

“ನಿಜಾನೇ ಕಣಮ್ಮ! ಮಕ್ಕಳನ್ನ ಕಾರಿಗೆ ಹತ್ತಿಸಿ, ಗುಡ್ಡದ ಮೇಲಿನ ಹೈಸ್ಕೂಲ್ ಕಡೆ ಡ್ರೈವ್ ಮಾಡಿ. ಸೇತುವೆ ಹತ್ರ ಮಾತ್ರ ಹೋಗ್ಬೇಡಿ.”

ಫೋನ್ ಇಟ್ಟ ಮೇಲೆ ಭಯವಾಯಿತು. ಇವರ ಬಳಿ ನನ್ನ ನಂಬರ್ ಇತ್ತು, ಕೇಳಿದರು. ಉಳಿದ ಮನೆಗಳಲ್ಲಿ ಜನ ನಿಜವಾದ ಎಚ್ಚರಿಕೆಯನ್ನು ಕಥೆಯೆಂದುಕೊಂಡು ಪಾಪ್‌ಕಾರ್ನ್ ತಿನ್ನುತ್ತಾ ಕೂತಿರಬಹುದು.

ಟೇಪು ನಿಲ್ಲಿಸಲು ಮ್ಯಾನೇಜರ್ ಕ್ಯಾರಲ್ ಅವರ ಒಪ್ಪಿಗೆ ಬೇಕಿತ್ತು. ಅವರ ಮನೆಗೆ ಫೋನ್ ಮಾಡಿದೆ. “ಕ್ರಾಲ್ ಹೋಗುತ್ತಿದೆಯಲ್ಲ, ನಮ್ಮ ಕರ್ತವ್ಯ ಮುಗಿಯಿತು. ಕೊನೆಯ ಹತ್ತು ನಿಮಿಷ ಕತ್ತರಿಸಿದರೆ ಜನ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ” ಎಂದರು. ಅವರು ಕೆಟ್ಟವರಲ್ಲ, ನಿಯಮ ಅವರ ಕಡೆಗೇ ಇತ್ತು.

ಆದರೂ ನಾನು ಟೇಪು ನಿಲ್ಲಿಸಿದೆ. ಸ್ಟುಡಿಯೋದಲ್ಲಿ ಸುದ್ದಿ ಓದುವವರು ಯಾರೂ ಇರಲಿಲ್ಲ. ಕೇಂದ್ರದ ಹೆಸರಿನ ಚಿತ್ರವೊಂದನ್ನು ಪರದೆಗೆ ಹಾಕಿ, ಪರೀಕ್ಷೆಗೆಂದು ಇಟ್ಟಿದ್ದ ಮೈಕ್ ಎಳೆದುಕೊಂಡೆ. ಇದು ಧಾರಾವಾಹಿಯಲ್ಲ, ನಮ್ಮ ಹೊಳೆ, ನಮ್ಮ ಊರು, ಈಗಲೇ ಹೊರಡಿ ಎಂದು ನನ್ನ ಮೈಸೂರು ಇಂಗ್ಲಿಷಿನಲ್ಲಿ ಗಂಟಲು ಕಟ್ಟುವವರೆಗೆ ಹೇಳಿದೆ.

ಕಥೆ ಏನಾಯಿತು ಎಂದು ಬೈದು ಫೋನ್ ಮಾಡಿದವರು ಕಡಿಮೆಯೇನಲ್ಲ. ಕ್ಯಾರಲ್ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಆ ಅಪಾರ್ಟ್‌ಮೆಂಟಿನ ಕೆಳಮಹಡಿ ಕಿಟಕಿಯವರೆಗೆ ಮುಳುಗಿದ್ದನ್ನು ಹೋಗಿ ನೋಡಿಬಂದು, ನನ್ನ ಮೇಜಿನ ಮೇಲೆ ಕಾಫಿ ಇಟ್ಟುಹೋದರು.

ಎಚ್ಚರಿಕೆ ಕಳಿಸಿದ ಮಾತ್ರಕ್ಕೆ ಅದು ತಲುಪಿದಂತಲ್ಲ. ನನಗೆ ಆ ವೃತ್ತಿ ಕಲಿಸಿದ್ದು ಇಷ್ಟೇ. ಅದನ್ನು ಮನದಟ್ಟು ಮಾಡಿದವರು ಸುಮಂಗಲಾ ಅವರ ನೆರೆಯ ಅಜ್ಜಿ. ಒಂಟಿಯಾಗಿದ್ದ ಆಕೆ ಕ್ರಾಲ್ ಓದಿಯೂ ಕುರ್ಚಿಯಿಂದ ಎದ್ದಿರಲಿಲ್ಲ. ಆಕೆ ಹೇಳಿದ್ದನ್ನು ಸುಮಂಗಲಾ ನನಗೆ ಹೀಗೆ ಮುಟ್ಟಿಸಿದರು:

“ಆ ಸೀರಿಯಲ್‌ನ್ಯಾಗ ಯಾರೂ ಹಿಂಗ ಇಂಗ್ಲಿಷ್ ಮಾತಾಡಂಗಿಲ್ಲಂತ್ರಿ. ನಿಮ್ಮ ದನಿ ಕೇಳಿದ ಕೂಡ್ಲೇ ಇದು ಖರೇನ ಅಂತ ಎದ್ದು ಹೊರಗ ಬಂದ್ರಂತ.”