ಹುಣಸೆಮರದ ಬುಡದಲ್ಲಿಟ್ಟ ನೀರು

ನಮ್ಮ ಓಟದ ಗುಂಪಿನಲ್ಲಿ ಓಡಲಾಗದವರು ಸ್ಕೂಟರಿನಲ್ಲಿ ಬರುತ್ತಾರೆ. ಹೀಗೆಂದು ಯಾರೂ ನಿಯಮ ಮಾಡಿದ್ದಲ್ಲ. ಮಂಡಿ ನೋವಿನವರೋ, ಜ್ವರ ಬಂದು ಎದ್ದವರೋ ಮನೆಯಲ್ಲಿ ಕೂತು ಬೇಸತ್ತು, ಭಾನುವಾರ ಬೆಳಗ್ಗೆ ಗಾಡಿ ತೆಗೆದುಕೊಂಡು ಹಿಂದೆ ಹಿಂದೆ ಬರುತ್ತಾರೆ. ನೀರಿನ ಬಾಟಲಿ, ಬಾಳೆಹಣ್ಣು, ಎಲ್ಲರ ಫೋನು, ಬೀಗದ ಕೈ, ಎಲ್ಲವೂ ಅವರ ಸುಪರ್ದಿಗೆ. ಮೊದಲ ವಾರ ಎಲ್ಲರೂ ಬೇಗ ಹುಷಾರಾಗಿ ಅನ್ನುತ್ತಾರೆ. ಕೆಲವು ವಾರ ಕಳೆದ ಮೇಲೆ ಯಾರೂ ಅನ್ನುವುದಿಲ್ಲ. ಅವರು ಹುಷಾರಾಗಿಬಿಟ್ಟರೆ ನೀರು ತರುವವರು ಯಾರು? ಹಾಗೆ ಗಾಡಿ ಹತ್ತಿದ ಇಬ್ಬರು ನಮ್ಮಲ್ಲಿ ಮತ್ತೆ ಇಳಿಯಲೇ ಇಲ್ಲ. ಕೊನೆಗೆ ಅವರ ಗಾಡಿಯೂ ಬರುವುದು ನಿಂತಿತು.

ಚಿಕೂನ್‌ಗುನ್ಯ ಬಂದ ವರ್ಷ ಆ ಜಾಗಕ್ಕೆ ನಾನು ಬಂದೆ. ಜ್ವರ ಬೇಗ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಚಾಮರಾಜನಗರದ ಸುತ್ತಲಿನ ರಸ್ತೆಗಳಲ್ಲಿ ನನ್ನವರ ಬೆನ್ನುಗಳನ್ನು ನೋಡುತ್ತ ಎಷ್ಟೋ ಭಾನುವಾರ ಗಾಡಿ ಓಡಿಸಿದೆ. ಕೆಟ್ಟ ಸಂಗತಿಯೆಂದರೆ, ಅದು ಹಿತವಾಗಿಯೇ ಇತ್ತು. ತಣ್ಣನೆ ಗಾಳಿ, ಬೆವರಿಲ್ಲ, ಎಲ್ಲರ ಪ್ರೀತಿ. ಇನ್ನೊಂದಿಷ್ಟು ದಿನ ಹೀಗೇ ಹೋದರೆ ನಾನೂ ಆ ಇಬ್ಬರ ಹಾಗೆ ಆಗುತ್ತೇನೆ ಎಂದು ಒಂದು ದಿನ ಭಯವಾಯಿತು. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಓಡುವ ಮಾತು ಬಂದಾಗ, ನಾನೂ ಓಡುತ್ತೇನೆ ಅಂದೆ.

ಗುಂಪಿನಲ್ಲಿದ್ದ ಕುದೇರು ಊರಿನ ಗೆಳೆಯನಿಗೆ ಇದು ಹಿಡಿಸಲಿಲ್ಲ. ಕಚೇರಿಯಲ್ಲಿ ಗುಮಾಸ್ತ, ನಮ್ಮಲ್ಲೆಲ್ಲ ವೇಗದ ಓಟಗಾರ.

"ನೀವು ಓಡುದ್ರೆ ನೀರ್ ತರೋರ್ಯಾರು ಮೇಷ್ಟ್ರೆ? ನನ್ ಕೈಲಂತೂ ಗಾಡಿ ಮೇಲೆ ಕೂರಕಾಗಕಿಲ್ಲ ಕಣಪ್ಪ."

"ಅವ್ರಿಗೆ ಆಸೆ ಅದೆ, ಓಡ್ಲಿ ಬುಡಿ," ಎಂದಳು ಗುಂಪಿನ ನರ್ಸ್. ಹಂಗಳದ ಹುಡುಗಿ, ಚಾಮರಾಜನಗರದಲ್ಲಿ ಕೆಲಸ. "ನೋವಾದ್ರೆ ನಿಲ್ಲಿಸ್ಬೇಕು ಸಾ, ಅಷ್ಟೆ. ಹಟ ಮಾಡಬಾರ್ದು."

ಉಪಾಯ ನನ್ನದೇ. ಹಿಂದಿನ ದಿನ ಸಂಜೆಯೇ ದಾರಿಯುದ್ದಕ್ಕೂ ಅಲ್ಲಲ್ಲಿ ಮರಗಳ ಬುಡದಲ್ಲಿ ಬಾಟಲಿಗಳನ್ನು ಮುಚ್ಚಿಟ್ಟು ಬರುವುದು. ಆಗ ಗಾಡಿಯೂ ಬೇಡ, ಗಾಡಿಯವನೂ ಬೇಡ.

ಶನಿವಾರ ಸ್ಕೂಟರಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಅಲ್ಲಿ ನಮ್ಮ ಗುಂಪಿನ ನಾಲ್ಕನೆಯವರು ಇದ್ದಾರೆ. ಹಾಸಿಗೆ ಹೊಲಿದು ಮಾರುವ ಅಂಗಡಿ ಅವರದು. ನಾವೆಲ್ಲ ಭಾಯ್ ಅನ್ನುತ್ತೇವೆ. ಓಟ ಮುಗಿಯುವುದು ಅವರ ಮನೆ ಬಾಗಿಲಲ್ಲಿ, ತಿಂಡಿ ಅಲ್ಲಿಯೇ. ಹತ್ತಿಯ ಎಳೆಗಳು ಹಾರಾಡುವ ಅಂಗಡಿಯಲ್ಲಿ ಕೂತು ಚಹಾ ಕುಡಿದು, ಹಿಂದಿರುಗುವಾಗ ಬಾಟಲಿ ಇಡುತ್ತ ಬಂದೆ. ಒಂದು ವಾಲಿದ ಹುಣಸೆಮರ. ಒಂದು ಪಾಳು ಪಂಪ್‌ಸೆಟ್ ಮನೆಯ ಪಕ್ಕದ ಬೇವು. ಚೆಂಡುಹೂವಿನ ಹೊಲದ ಅಂಚಿನ ಇನ್ನೊಂದು ಹುಣಸೆ. ಎಲ್ಲ ರಸ್ತೆಯ ಎಡಕ್ಕೆ. ಮರೆಯಬಾರದೆಂದು ಪ್ರತಿ ಸಲವೂ ನಿಂತು ಕಣ್ಣು ತುಂಬ ನೋಡಿಕೊಂಡೆ. ನಾನು ಓದಿದ್ದು ಇತಿಹಾಸ. ಒಬ್ಬನೇ ಸಾಕ್ಷಿ ಇದ್ದರೆ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವನು, ಇಲ್ಲಿ ಒಬ್ಬನೇ ಸಾಕ್ಷಿಯಾಗಿ ನಿರಾಳವಾಗಿ ಮನೆಗೆ ಹೋದೆ.

ಬೆಳಗ್ಗೆ ಮೊದಲ ಬಸ್ಸಿಗೆ ತೆರಕಣಾಂಬಿಗೆ ಬಂದು ಇಳಿದೆವು. ಭಾಯ್ ಆ ಕಡೆಯಿಂದ ಬಂದು ಕಾಯುತ್ತಿದ್ದರು. ಮೊದಲ ಹೆಜ್ಜೆಗಳಲ್ಲಿ ಕಾಲಿನ ಗೆಣ್ಣುಗಳು ತುಕ್ಕು ಹಿಡಿದ ಬಾಗಿಲಿನಂತೆ ಅಡ್ಡಿ ಮಾಡಿದವು. ಆಮೇಲೆ ಬಿಸಿಯಾಗಿ ಸಡಿಲಗೊಂಡವು. ನಾನು ಓಡುತ್ತಿದ್ದೆ. ಬೇರೆಯವರು ನನಗಾಗಿ ನಿಧಾನಿಸಿದ್ದರೆಂಬುದು ಆಗ ಗೊತ್ತಾಗಲಿಲ್ಲ. ನನಗೆ ಈಗಲೂ ನಾವೆಲ್ಲ ಒಂದೇ ಸಮಕ್ಕೆ, ಸಾಕಷ್ಟು ವೇಗವಾಗಿಯೇ ಓಡಿದ ನೆನಪು.

"ನೀರೆಲ್ಲಿ ಮೇಷ್ಟ್ರೆ?" ಎಂದು ಕುದೇರಿನವನು ಕೇಳಿದ.

"ಮುಂದೆ. ಹೂವಿನ ಹೊಲದ ಹತ್ತಿರ, ಹುಣಸೆಮರ."

ಹೂವಿನ ಹೊಲಗಳು ಒಂದಲ್ಲ, ಸಾಲು ಸಾಲಾಗಿ ಬಂದವು. ಹುಣಸೆಮರಗಳಂತೂ ಲೆಕ್ಕವಿಲ್ಲ. ಎಡಗಡೆಯ ಪ್ರತಿ ಮರದ ಬುಡದಲ್ಲೂ ನಾನು ಬಗ್ಗಿ ಹುಡುಕಿದೆ. ಒಣಗಿದ ಎಲೆ, ಇರುವೆ, ಯಾರೋ ಬಿಸಾಡಿದ ಬೀಡಿ ಕಟ್ಟಿನ ಕಾಗದ.

"ಇಕ್ಕಿದ್ರಾ, ಇಲ್ಲ ಇಕ್ಕಿದಂಗೆ ಕನಸು ಬಿತ್ತಾ?" ಎಂದ ಅವನು.

"ಸಾರ್ ಅಂಗಡೀಲಿ ಚಾ ಕುಡಿದಿದ್ದು ನಾನ್ ನೋಡೀನಿ," ಎಂದರು ಭಾಯ್. "ಬಾಟ್ಲಿನೂ ಇತ್ತು. ಆಮೇಲಿಂದು ನಂಗೊತ್ತಿಲ್ಲಪ್ಪ."

ಅವರು ತಮಾಷೆ ಮಾಡಿದ್ದು. ನಾನು ಮಾತ್ರ ಯೋಚನೆಗೆ ಬಿದ್ದೆ. ನಿಜಕ್ಕೂ ಇಟ್ಟಿದ್ದೆನೇ? ಎಡಕ್ಕೇ ಇಟ್ಟಿದ್ದೆನೇ? ಪ್ರಶ್ನೆ ಕೇಳಿಕೊಂಡಷ್ಟೂ ಆ ಸಂಜೆಯೇ ಮಸುಕಾಗತೊಡಗಿತು. ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ನಾಲಿಗೆ ಒಣಗಿತ್ತು. ಒಂದು ಏರು ಹತ್ತಿ ಸುಧಾರಿಸಿಕೊಳ್ಳಲು ನಿಂತು, ಸುಮ್ಮನೆ ತಿರುಗಿ ನೋಡಿದೆ.

ನಾವು ಬಂದ ದಾರಿಯಲ್ಲಿ, ತುಂಬ ಹಿಂದೆ, ಬಲಗಡೆ ಅಂದುಕೊಂಡಿದ್ದ ಬದಿಯಲ್ಲಿ, ನಾನು ಬಾಟಲಿ ಇಟ್ಟಿದ್ದ ಬೇವು ನಿಂತಿತ್ತು. ಪಕ್ಕದಲ್ಲಿ ಪಾಳು ಪಂಪ್‌ಸೆಟ್ ಮನೆ. ಈ ಕಡೆಯಿಂದ ಬರುವಾಗ ಆ ಮನೆ ಪೊದೆಯ ಹಿಂದೆ ಮರೆಯಾಗಿತ್ತು. ನಾನು ಎಲ್ಲವನ್ನೂ ಗುಂಡ್ಲುಪೇಟೆಯಿಂದ ಹಿಂದಿರುಗುತ್ತ ನೋಡಿದ್ದೆ. ನನ್ನ ಎಡವೆಲ್ಲ ಈಗ ಬಲವಾಗಿತ್ತು, ಮರಗಳ ಮುಖವೆಲ್ಲ ಬೆನ್ನಾಗಿತ್ತು. ಸಂಜೆಯೂ ಬಿಸಿಲು ಬೆನ್ನಿಗೇ ಇದ್ದುದರಿಂದ ನನಗೆ ಅನುಮಾನವೇ ಬಂದಿರಲಿಲ್ಲ.

"ನಾನು ವಾಪಸ್ ಬರ್ತಾ ಇಟ್ಟೆ," ಅಂದೆ.

ನರ್ಸ್ ನಗತೊಡಗಿದವಳು ರಸ್ತೆ ಬದಿಗೆ ಕೂತೇಬಿಟ್ಟಳು.

"ಅಷ್ಟ್ ದೂರ ವಾಪಸ್ ಓಗಕಾಯ್ತದಾ?" ಎಂದ ಕುದೇರಿನವನು. "ನಡೀರಿ ಮುಂದ್ಕೆ. ನೀವು ಮಾತ್ರ ಹಿಂದ್ಕೆ ನೋಡ್ಕಂಡೇ ಓಡಿ ಮೇಷ್ಟ್ರೆ."

ಹಾಗೆಯೇ ಮಾಡಿದೆ. ಆಗಾಗ ಕತ್ತು ತಿರುಗಿಸುತ್ತ, ಕೆಲವು ಕಡೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಓಡಿದೆ. ಎದುರಿನಿಂದ ಬಂದ ಕೇರಳದ ಲಾರಿಯ ಚಾಲಕ ಬಗ್ಗಿ ನೋಡಿ ಹಾರ್ನ್ ಮಾಡಿದ. ವಾಲಿದ ಹುಣಸೆಮರ ಮಾತ್ರ ಹೀಗೆ ಸಿಕ್ಕಿತು. ಬಾಟಲಿಗಳು ಎಲೆಗಳಡಿ ತಣ್ಣಗೆ ಮಲಗಿದ್ದವು. ಅಷ್ಟು ರುಚಿಯ ನೀರನ್ನು ನಾನು ಕುಡಿದಿಲ್ಲ.

ಆದರೆ ನಿಂತಿದ್ದೇ ತಪ್ಪಾಯಿತು. ಮತ್ತೆ ಹೊರಟಾಗ ಎಡಗಾಲಿನ ಗೆಣ್ಣು ಬಾಗಲೇ ಇಲ್ಲ. ಕುಂಟುವುದನ್ನು ನರ್ಸ್ ನೋಡಿಬಿಟ್ಟಳು. ಅಷ್ಟರಲ್ಲಿ ಈರುಳ್ಳಿ ಮೂಟೆ ಹೇರಿದ ಟೆಂಪೋ ಒಂದು ಬಂತು. ಡ್ರೈವರು ಭಾಯ್ ಪರಿಚಯದವನು, ನಿಲ್ಲಿಸಿದ.

"ಹತ್ತಿ ಸಾರ್," ಎಂದರು ಭಾಯ್. "ಇದ್ರಲ್ಲಿ ನಾಚಿಕೆ ಏನು?"

ಹತ್ತಬಹುದಿತ್ತು. ಹಿಂಬದಿಯ ಹಲಗೆಯ ಮೇಲೆ ಕೈಯನ್ನೂ ಇಟ್ಟೆ ಎಂದು ನೆನಪು. ಇವತ್ತು ಹತ್ತಿದರೆ ಮುಂದಿನ ಭಾನುವಾರ ಮತ್ತೆ ಸ್ಕೂಟರು, ಅದರ ಮುಂದಿನದಕ್ಕೂ ಅದೇ ಎಂದು ಖಾತ್ರಿಯಾಗಿ ಗೊತ್ತಿತ್ತು. ನಾನು ನರ್ಸ್ ಕಡೆ ನೋಡಿದೆ.

ಅವಳು ಬಗ್ಗಿ ಗೆಣ್ಣನ್ನು ಒತ್ತಿ ನೋಡಿದಳು. "ಊದಿಲ್ಲ. ನಡೀರಿ ಸಾ, ಬಿಸಿ ಆದ್ಮೇಲೆ ನಿದಾನಕ್ಕೆ ಓಡನ. ನಾನಿರ್ತೀನಿ."

"ಇಂಗೇ ನಿಂತ್ಕಂಡ್ರೆ ತಿಂಡಿ ಆರೋಯ್ತದೆ," ಎಂದವನೇ ಕುದೇರಿನ ಗೆಳೆಯ ಟಣ್ಣನೆ ಹಾರಿ ಮೂಟೆಗಳ ಮೇಲೆ ಕೂತ. "ನಾ ಓಗಿ ನಿಮಗೂ ಒಸಿ ಉಳಿಸ್ತೀನಿ!" ಟೆಂಪೋ ಹೊರಟುಹೋಯಿತು.

ನಾವು ಮೂವರು ನಡೆದೆವು, ಆಮೇಲೆ ಓಡಿದೆವು. ಗುಂಡ್ಲುಪೇಟೆ ಸಮೀಪಿಸಿದ ಮೇಲೆ ನಾನು ಒಮ್ಮೆಯೂ ನಿಲ್ಲದೆ ಓಡಿದೆ ಎಂದೇ ನನ್ನ ನೆನಪು. ಏರಿನಲ್ಲೆಲ್ಲ ನಡೆದಿರಿ ಎಂದು ನರ್ಸ್ ಹೇಳುತ್ತಾಳೆ. ಭಾಯ್ ಕೂಡ ಅದನ್ನೇ ಹೇಳುತ್ತಾರೆ. ಸಾಕ್ಷಿಗಳು ಇಬ್ಬರಿದ್ದಾರೆ, ಒಪ್ಪಿಕೊಳ್ಳದೆ ವಿಧಿಯಿಲ್ಲ. ಆದರೆ ಭಾಯ್ ಮನೆ ಬೀದಿಯ ತಿರುವಿನಿಂದ ಬಾಗಿಲವರೆಗೆ ಓಡಿದ್ದನ್ನು ಮೂವರೂ ಒಪ್ಪುತ್ತೇವೆ.

ಒಳಗೆ ಕುದೇರಿನವನು ಮುಖ ತೊಳೆದು, ಖಿಚಡಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ಬಂದ್ರಾ? ಮುಂದಿನ ವಾರ ರೆಸ್ಟ್ ತಗಳಿ ಮೇಷ್ಟ್ರೆ. ಗಾಡಿ ತಕ್ಕಂಡ್ ಬನ್ನಿ ಸಾಕು."

ಭಾಯ್ ಹೆಂಡತಿಗೆ ಉರ್ದುವಿನಲ್ಲಿ ಏನೋ ಹೇಳಿದರು. ಒಳಗಿನಿಂದ ಆಕೆ ಜೋರಾಗಿ ನಕ್ಕರು. ಆಮೇಲೆ ಭಾಯ್ ಕುದೇರಿನವನ ಎದುರು ಕೂತರು.

"ಇವತ್ತು ಗಾಡಿ ಹತ್ತಿದ್ದು ಯಾರು?"

"ಅದು ಟೆಂಪೋ ಕಣ್ ಭಾಯ್!"

"ಟೆಂಪೋ ಗಾಡಿ ಅಲ್ವಾ?"

ಅವನು ನರ್ಸ್ ಕಡೆ ನೋಡಿದ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ನನ್ನ ಕಡೆ ನೋಡಿದ. ನನ್ನ ಬಾಯಿ ತುಂಬ ಖಿಚಡಿ.

ಮುಂದಿನ ಭಾನುವಾರ ಅವನು ಮುಖ ಊದಿಸಿಕೊಂಡು ನನ್ನ ಸ್ಕೂಟರಿನಲ್ಲಿ ಬಂದ. ನಿಧಾನ ಹೋಗುವುದು ಅವನಿಗೆ ಬಾರದು. ಸರ್ರನೆ ಮುಂದೆ ಹೋಗಿ, ಯಾವುದೋ ಮರದಡಿ ನಿಂತು, ನಾನು ಕಂಡ ತಕ್ಷಣ ಹಾರ್ನ್ ಹೊಡೆಯುತ್ತಿದ್ದ. ನಾನು ಎಲ್ಲರಿಗಿಂತ ಕೊನೆಗೆ, ಏರಿನಲ್ಲಿ ನಡೆದು, ಇಳಿಜಾರಿನಲ್ಲಿ ಓಡಿ, ಅವನ ಕೈಯಿಂದ ನೀರು ತೆಗೆದುಕೊಂಡು ಮುಂದಕ್ಕೆ ಹೋದೆ.